ಸತ್ತವರು ನಗಬಾರದು

ಜನರಿಗೆ ಸಾಯುವುದನ್ನು ಕಲಿಸುವ ಕೆಲಸವನ್ನು ಹೊಲಿಗೆಯಕ್ಕನಿಗೆ ಯಾರೂ ವಹಿಸಿರಲಿಲ್ಲ. ಅವಳೇ ಮೈಮೇಲೆ ಎಳೆದುಕೊಂಡದ್ದು. ಅವಳ ಸ್ವಭಾವವೇ ಅಂಥದ್ದು ನೋಡಿ. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಇವಳಿಗೆ ಸಮಾಧಾನವಿಲ್ಲ, ಯಾರ ಮಗು ಶಾಲೆ ತಪ್ಪಿಸಿ ಗೋಡೆ ಹತ್ತಿ ಕೂತರೂ ಇವಳೇ ಹೋಗಿ ಕಿವಿ ಹಿಂಡಬೇಕು. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಹಾಕಿಕೊಂಡು ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಬೀದಿಯ ಮೇಲೆ ಇಟ್ಟು ಇಪ್ಪತ್ತನಾಲ್ಕು ವರ್ಷ ಕಳೆದವಳು. ಕಾರ್ಖಾನೆಯವರ ನೀಲಿ ಅಂಗಿಗಳಿಗೆ ಜೇಬು ಹಾಕುವುದು, ಕಾಲರ್ ತಿರುಗಿಸುವುದು ಅವಳ ಕಸುಬು.

ಕಾರ್ಖಾನೆ ಇದ್ದದ್ದು ದಿಣ್ಣೆಯ ಮೇಲೆ, ಬಡಾವಣೆ ತಗ್ಗಿನಲ್ಲಿ. ನೀರು ಶುದ್ಧಮಾಡುವ ಕ್ಲೋರಿನ್ ಅನಿಲವನ್ನು ಅಲ್ಲಿ ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ತುಂಬಿಡುತ್ತಿದ್ದರು. ಅವಳ ಗಂಡ ಅಲ್ಲೇ ಬಾಯ್ಲರ್ ನೋಡಿಕೊಳ್ಳುವವನು. ಮಾತು ಕಡಿಮೆ. ಕೆಲಸದಿಂದ ಬಂದವನೇ ಕಾಲು ತೊಳೆದು, ಊಟ ಮಾಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಕಾರ್ಖಾನೆಯೊಳಗೆ ಏನು ನಡೆಯುತ್ತದೆಂದು ಅವನು ಹೇಳಿದವನಲ್ಲ, ಇವಳು ಕೇಳಿದವಳೂ ಅಲ್ಲ.

ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯೊಬ್ಬರಿದ್ದರು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಬಡಾವಣೆಯವರ ಬಾಯಲ್ಲಿ ಸೀಟಿ ಸಾಹೇಬರಾಗಿದ್ದರು. ಕೆಟ್ಟವರೇನಲ್ಲ, ಮೇಲಿನವರು ಕೇಳಿದ್ದನ್ನು ಮಾಡಿ ತೋರಿಸುವ ಪ್ರಾಣಿ. ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕೆಂದು ಸರ್ಕಾರದ ಆಜ್ಞೆ. ಅನಿಲ ಸೋರಿದೆ ಎಂದುಕೊಂಡು ಸೈರನ್ ಊದುವುದು, ಹೊಗೆಡಬ್ಬಿ ಹಚ್ಚುವುದು, ಗಾಯಗೊಂಡವರಂತೆ ಸತ್ತವರಂತೆ ಬಡಾವಣೆಯ ನಲವತ್ತು ಜನರನ್ನು ಮೈದಾನದಲ್ಲಿ ಮಲಗಿಸುವುದು, ಆಂಬುಲೆನ್ಸಿನವರು ಬಂದು ಅವರನ್ನು ಎತ್ತಿಕೊಂಡು ಹೋಗುವುದು. ಶಾಮಿಯಾನದ ಕೆಳಗೆ ಕೂತ ದೊಡ್ಡವರು ಗಡಿಯಾರ ನೋಡಿ ಮಾರ್ಕ್ಸ್ ಹಾಕುತ್ತಿದ್ದರು. ಚೆನ್ನಾಗಿ ಮಾಡಿದ ಬಡಾವಣೆಗೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ. ಹೊಲಿಗೆಯಕ್ಕನ ಬಡಾವಣೆಗೆ ನಾಲ್ಕು ವರ್ಷ ಸತತವಾಗಿ ಅದು ಬಂದಿತ್ತು.

ಮೊದಲನೇ ವರ್ಷ ಜನರನ್ನು ಓಡಿಸಿಯೂ ನೋಡಿದ್ದರಂತೆ. ಗಾಳಿಗೆ ಅಡ್ಡಲಾಗಿ ನಡೆದು ಎತ್ತರದ ಶಾಲೆಯ ಅಂಗಳ ಸೇರಬೇಕು, ನಿಜವಾಗಿ ಮಾಡಬೇಕಾದದ್ದು ಅದೇ. ಆದರೆ ಮುದುಕರು ಮಕ್ಕಳೆಲ್ಲ ಹತ್ತಿ ಮುಟ್ಟುವಷ್ಟರಲ್ಲಿ ಐವತ್ತು ನಿಮಿಷವಾಯಿತು, ಒಬ್ಬಳ ಕಾಲು ಉಳುಕಿತು, ದೊಡ್ಡವರ ಚಹಾ ಆರಿಹೋಯಿತು. ಮರುವರ್ಷದಿಂದ ಓಡುವುದನ್ನು ಕೈಬಿಟ್ಟರು. ಮಲಗುವುದು ಸುಲಭ, ಚಂದ, ಫೋಟೋಗೂ ಚೆನ್ನಾಗಿ ಬರುತ್ತದೆ. ಜಾಗವೂ ಹೇಳಿಮಾಡಿಸಿದಂತಿತ್ತು: ಹಿಂದೊಮ್ಮೆ ಇಟ್ಟಿಗೆಗೆ ಮಣ್ಣು ತೆಗೆದು ಬಿಟ್ಟ ಮೈದಾನ, ರಸ್ತೆಯಿಂದ ಹನ್ನೆರಡು ಮೆಟ್ಟಿಲು ಕೆಳಗೆ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಬರುತ್ತದೆ ಎಂಬುದು ಕಾರ್ಖಾನೆಯ ಒಳಗಿನವರಿಗೆಲ್ಲ ಗೊತ್ತಿತ್ತು. ಹೊರಗಿನವರಿಗೆ ಯಾರೂ ಹೇಳಿರಲಿಲ್ಲ.

ಕೈಗೆ ಕಟ್ಟುವ ಬಟ್ಟೆಯ ಪಟ್ಟಿಗಳನ್ನು ಹೊಲಿದುಕೊಡುತ್ತಿದ್ದವಳು ಹೊಲಿಗೆಯಕ್ಕ. ಸ್ವಲ್ಪ ಪೆಟ್ಟಾದವರಿಗೆ ಹಸಿರು, ಜಾಸ್ತಿಯಾದವರಿಗೆ ಹಳದಿ, ಈಗಲೋ ಆಗಲೋ ಎನ್ನುವವರಿಗೆ ಕೆಂಪು, ಸತ್ತವರಿಗೆ ಕಪ್ಪು. ಕಪ್ಪು ಪಟ್ಟಿಯವರನ್ನು ಕೊನೆಗೆ ಎತ್ತಬೇಕು, ಅವರ ಮೇಲೆ ಹೊತ್ತು ಕಳೆಯಬಾರದು ಎಂಬುದು ನಿಯಮ. ಪಟ್ಟಿ ಕಟ್ಟುವುದು ನಿಜವಾಗಿ ಡಾಕ್ಟರ ಕೆಲಸವಂತೆ. ಅದಕ್ಕೆಲ್ಲ ಹೊತ್ತು ಹಿಡಿಯುತ್ತದೆಂದು ಸೀಟಿ ಸಾಹೇಬರು ಮೊದಲೇ ಕಟ್ಟಿಯೇ ಮಲಗಿಸುತ್ತಿದ್ದರು. ಹೀಗಾಗಿ ನಮ್ಮ ಆಂಬುಲೆನ್ಸಿನವರು ನಾಡಿ ಹಿಡಿದು ನೋಡುವುದನ್ನು ಕಲಿಯಲಿಲ್ಲ, ಬಣ್ಣ ನೋಡುವುದನ್ನು ಕಲಿತರು.

ಇನ್ನು ಗಿಲಕಿಯ ವಿಷಯ. ಗಿಲಕಿ ಎಂದರೆ ಹೊಲಿಗೆಯಕ್ಕನ ನಾದಿನಿ. ಅತ್ತಿಗೆ ಮದುವೆಯಾಗಿ ಬಂದಾಗ ಅವಳಿಗೆ ಐದು ವರ್ಷ, ತಾಯಿಯಿಲ್ಲದ ಕೂಸು. ಮುಟ್ಟಿದರೆ ನಗು, ಮುಟ್ಟದಿದ್ದರೂ ನಗು. ಗಿಲಕಿ ಅಲ್ಲಾಡಿಸಿದ ಹಾಗೆ ಮನೆಯೆಲ್ಲ ಕೇಳಿಸುತ್ತಿತ್ತು, ಹೆಸರು ಹಾಗೇ ಅಂಟಿತು. ಅವಳ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಮೈನೆರೆದಾಗ ಹೆದರಬೇಡವೆಂದು ಹೇಳಿದವಳು ಅತ್ತಿಗೆಯೇ. ತನಗೆ ಮಕ್ಕಳಾಗಲಿಲ್ಲ ಎಂದು ಹೊಲಿಗೆಯಕ್ಕ ಯಾರ ಮುಂದೂ ಹೇಳಿಕೊಂಡು ಅತ್ತವಳಲ್ಲ, ಗಿಲಕಿ ಇದ್ದಳಲ್ಲ.

ಇಪ್ಪತ್ತಮೂರಕ್ಕೆ ಮದುವೆ ಮಾಡಿದರು. ಎರಡೇ ವರ್ಷಕ್ಕೆ ಒಂದು ಸೂಟ್‌ಕೇಸು ಹಿಡಿದು ವಾಪಸ್ ಬಂದಳು. ಅಲ್ಲಿ ಏನಾಯಿತೆಂದು ಬಾಯಿ ಬಿಡಲಿಲ್ಲ. ಮೊಣಕೈಯ ಹತ್ತಿರ ಒಂದು ಸುಟ್ಟ ಕಲೆಯಿತ್ತು, ಅತ್ತಿಗೆ ಅದನ್ನು ನೋಡಿದಳು, ಕೇಳಲಿಲ್ಲ, ಮರುದಿನವೇ ಉದ್ದ ತೋಳಿನ ಮೂರು ರವಿಕೆ ಹೊಲಿದು ಕೊಟ್ಟಳು. ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹೋಗುತ್ತಿದ್ದಳು, ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ನಗು ಮಾತ್ರ ಇಲ್ಲ. ಮೂರು ವರ್ಷ ಆ ಮನೆಯಲ್ಲಿ ಯಾರೂ ನಗಲಿಲ್ಲ ಎಂದರೆ ನಂಬುತ್ತೀರಾ? ಹಾಗಿತ್ತು.

ನಾಲ್ಕು ಜನರ ಜೊತೆ ಬೆರೆಯಲಿ ಎಂದು ಅತ್ತಿಗೆ ಅವಳನ್ನು ಆ ವರ್ಷದ ಅಣಕು ಡ್ರಿಲ್ಲಿಗೆ ಎಳೆದುಕೊಂಡು ಹೋದಳು. "ನರಳೋದೆಲ್ಲ ನನ್ನ ಕೈಲಾಗಲ್ಲ ಅತ್ತಿಗೆ. ಸುಮ್ನೆ ಬಿದ್ದಿರೋದು ಯಾವುದಿದೆ?" ಎಂದು ಕೇಳಿ ಕಪ್ಪು ಪಟ್ಟಿ ಕಟ್ಟಿಸಿಕೊಂಡು ಮಲಗಿದಳು. ದೊಡ್ಡ ಸಾಹೇಬರೊಬ್ಬರು ಹೆಣಗಳನ್ನು ಪರಿಶೀಲಿಸುತ್ತ ಸಾಲಿನಲ್ಲಿ ಬರುತ್ತಿದ್ದರು. ಗಿಲಕಿಯ ತಲೆಯ ಹತ್ತಿರ ಬಂದಾಗ ಪಾಪ, ಅವರಿಗೆ ಜೋರಾಗಿ ಬಿಕ್ಕಳಿಕೆ ಬಂತು. ಒಂದಲ್ಲ, ಎರಡಲ್ಲ, ಏಳು ಬಿಕ್ಕಳಿಕೆ. ನಾಲ್ಕನೆಯದಕ್ಕೆ ಹೆಣದ ಹೊಟ್ಟೆ ಕುಲುಕಿತು. ಏಳನೆಯದಕ್ಕೆ ಹೆಣ ಎದ್ದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕುಬಿಟ್ಟಿತು. ಪಕ್ಕದ ಹೆಣಗಳೂ ನಕ್ಕವು. ಕೆಂಪು ಪಟ್ಟಿಯವರು ನರಳುವುದನ್ನು ಬಿಟ್ಟು ನಕ್ಕರು.

ಇಪ್ಪತ್ತು ಮಾರ್ಕ್ಸ್ ಕತ್ತರಿಸಿದರು. ಪ್ರಶಸ್ತಿಪತ್ರ ರೈಲು ಹಳಿಯಾಚೆಯ ಬಡಾವಣೆಗೆ ಹೋಯಿತು.

ಹೊಲಿಗೆಯಕ್ಕ ಆ ದಿನ ಮನೆಗೆ ಬಂದು ಏನು ಮಾಡಬೇಕಿತ್ತು ಹೇಳಿ? ಮೂರು ವರ್ಷದ ಮೇಲೆ ಹುಡುಗಿ ನಕ್ಕಿದ್ದಳು. ಬಾಚಿ ತಬ್ಬಿಕೊಳ್ಳಬೇಕಿತ್ತು. ಅದು ಬಿಟ್ಟು, ಸೀಟಿ ಸಾಹೇಬರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂಬ ಉರಿಗೆ, ಬಾಗಿಲಲ್ಲೇ ನಿಲ್ಲಿಸಿಕೊಂಡು ಬಾಯಿಗೆ ಬಂದ ಹಾಗೆ ಬೈದಳು. "ಮಾನ ಕಳೆದೆಯಲ್ಲೇ! ಸತ್ತವರು ನಗಬಾರದು ಅನ್ನೋಷ್ಟು ಬುದ್ಧಿ ಬೇಡ್ವಾ? ಏನೇ ಆಗ್ಲಿ, ಆಕಾಶವೇ ಕಳಚಿ ಬೀಳ್ಲಿ, ಎತ್ತೋರು ಬರೋ ತನಕ ಏಳಬಾರದು!" ಗಿಲಕಿಯ ಮುಖದಲ್ಲಿ ಉಳಿದಿದ್ದ ಒಂದಿಷ್ಟು ನಗು ಅಲ್ಲೇ ಆರಿಹೋಯಿತು. "ತಪ್ಪಾಯ್ತು ಅತ್ತಿಗೆ. ಮುಂದಿನ ಸಲ ಏಳಲ್ಲ," ಎಂದಳು.

ಬೈದದ್ದು ಅತ್ತಿಗೆಗೇ ಚುಚ್ಚತೊಡಗಿತು. ಅದನ್ನು ಮರೆಸಲು ಆಟ ಶುರುಮಾಡಿದಳು. ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ಗಿಲಕಿ ಚಾಪೆಯ ಮೇಲೆ ಹೆಣವಾಗಿ ಮಲಗುವುದು, ಅತ್ತಿಗೆ ಅವಳನ್ನು ಎಬ್ಬಿಸಲು ನೋಡುವುದು. "ಲೇ, ಹಾಲು ಉಕ್ತಿದೆ ಏಳೇ!" ಎಂದರೆ ಗಿಲಕಿ ಅಡುಗೆಮನೆಗೆ ಓಡುವಳು, ಒಲೆಯ ಮೇಲೆ ಪಾತ್ರೆಯೇ ಇಲ್ಲ. "ಸೋತೆ!" ಎಂದು ಅತ್ತಿಗೆ ಕೈತಟ್ಟುವಳು. ಇಬ್ಬರೂ ನಗುವರು. ಸಣ್ಣ ನಗು, ಆದರೂ ನಗುವೇ. ಬರಬರುತ್ತ ಗಿಲಕಿ ಗಟ್ಟಿಯಾದಳು. ಹಾವು ಎಂದರೂ ಏಳುತ್ತಿರಲಿಲ್ಲ, ಬೆಂಕಿ ಎಂದರೂ ಏಳುತ್ತಿರಲಿಲ್ಲ. ಡ್ರಿಲ್ಲಿಗೆ ವಾರವಿರುವಾಗ ಅತ್ತಿಗೆ ಒಂದು ಹೆಜ್ಜೆ ಮುಂದೆ ಹೋದಳು. ಬಚ್ಚಲಿನಿಂದ ಕಿರುಚಿ, "ಅಯ್ಯೋ, ನಿಮ್ಮಣ್ಣ ಬಿದ್ದುಬಿಟ್ರು ಕಣೇ, ಬಾರೇ, ದಮ್ಮಯ್ಯ!" ಎಂದು ನಿಜವಾಗಿ ಅತ್ತಳು. ಗಿಲಕಿ ಎದ್ದುಬಿದ್ದು ಓಡಿ ಬಂದರೆ ಅಣ್ಣ ಮುಖ ತೊಳೆಯುತ್ತಿದ್ದ, ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಗಿಲಕಿಗೆ ಅರ್ಧ ಅಳು, ಅರ್ಧ ನಗು. "ಇದೇ ಕೊನೆ ಅತ್ತಿಗೆ. ಇನ್ಮೇಲೆ ನೀವು ತಲೆಕೆಳಗಾಗಿ ನಿಂತ್ರೂ ನಾನು ಏಳಲ್ಲ."

ಡ್ರಿಲ್ಲು ಇದ್ದದ್ದು ಶನಿವಾರ. ಗುರುವಾರ ಮಧ್ಯಾಹ್ನ ಮೂರಕ್ಕೆ ಹೊಲಿಗೆಯಕ್ಕ ನಲವತ್ತು ಹೊಸ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು, ದಿಣ್ಣೆಯ ಆಚೆ ಮಗ್ಗುಲಿನ ಆಫೀಸಿನ ಎರಡನೇ ಮಹಡಿಯಲ್ಲಿ ಸೀಟಿ ಸಾಹೇಬರ ಮೇಜಿನ ಮುಂದೆ ನಿಂತಿದ್ದಳು. ಅವರು ಹಸಿರು ಎಷ್ಟು, ಕೆಂಪು ಎಷ್ಟು ಎಂದು ಎಣಿಸುತ್ತಿರುವಾಗ ಸೈರನ್ ಕೂಗಿತು. ಸಾಹೇಬರು ತಲೆಯೆತ್ತಿ ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು.

"ಇವತ್ತಲ್ಲವಲ್ಲ!" ಎಂದರು.

ಕಿಟಕಿಯಾಚೆ, ಕಾರ್ಖಾನೆಯ ಗೋಡೆ ದಾಟಿ, ಹಳದಿಹಸಿರು ಬಣ್ಣದ್ದೇನೋ ಇಳಿಯುತ್ತಿತ್ತು. ಹೊಗೆಯ ಹಾಗೆ ಮೇಲೇಳಲಿಲ್ಲ. ಉಕ್ಕಿದ ಹಾಲು ಒಲೆಕಟ್ಟೆಯಿಂದ ಇಳಿಯುವ ಹಾಗೆ ನೆಲಕ್ಕೆ ಅಂಟಿಕೊಂಡು ಬಡಾವಣೆಯ ಕಡೆಗೆ ಹರಿಯಿತು. ಸಾಹೇಬರು ಎರಡೂ ಫೋನು ಎತ್ತಿಕೊಂಡರು. ಒಂದು ಫೋನಿನಲ್ಲಿ ಮೇಲಿನವರ ಅಪ್ಪಣೆ ಕೇಳುತ್ತಿದ್ದರು, ಅವರು ಮೀಟಿಂಗಿನಲ್ಲಿದ್ದರು. ಇನ್ನೊಂದರಲ್ಲಿ ಮೈಕಿನ ಗಾಡಿ ಕೇಳಿದರು, ಶನಿವಾರಕ್ಕೆಂದು ಅದಕ್ಕೆ ಬಣ್ಣ ಹೊಡೆಯುತ್ತಿದ್ದರಂತೆ.

ಅವಳು ಗಿಲಕಿಗೆ ಮತ್ತೆ ಮತ್ತೆ ಫೋನ್ ಮಾಡಿದಳು, ಹತ್ತು ನಿಮಿಷ ಲೈನೇ ಸಿಗಲಿಲ್ಲ. ಅಂಗಡಿಗೆ ವಾರದ ರಜೆ, ಹುಡುಗಿ ಮನೆಯಲ್ಲೇ ಇರಬೇಕು. ಕೊನೆಗೆ ಸಿಕ್ಕಿ, ಬಹಳ ಹೊತ್ತು ರಿಂಗಾದ ಮೇಲೆ ಪಿಸುದನಿ ಬಂತು.

"ಅತ್ತಿಗೆ, ಯಾಕೆ ಮಾಡಿದ್ರಿ? ಸತ್ತವರು ಫೋನ್ ಎತ್ತಬಾರದು ಅಂತ ನೀವೇ ಅಲ್ವಾ ಹೇಳಿದ್ದು?"

"ಎಲ್ಲಿದ್ದೀಯೇ?"

"ಮೈದಾನದಲ್ಲಿ. ನೋಡಿ, ಹೇಳದೆ ಕೇಳದೆ ಡ್ರಿಲ್ ಇವತ್ತೇ ಮಾಡಿಬಿಟ್ರು. ನೀವಿರ್ಲಿಲ್ಲ, ನಾನೇ ಬೀದಿಯವರನ್ನೆಲ್ಲ ಕರ್ಕೊಂಡು ಬಂದೆ. ಸಾಲಾಗಿ ಮಲಗಿಸಿದ್ದೀನಿ. ಈ ಸಲ ಒಂದು ಮಾರ್ಕೂ ಹೋಗಲ್ಲ."

"ಏಳೇ! ಎದ್ದು ಮೇಲೆ ಓಡು! ಡ್ರಿಲ್ಲಲ್ಲ ಕಣೇ, ನಿಜವಾಗ್ಲೂ ಸೋರಿದೆ! ಎಲ್ಲರನ್ನೂ ಎಬ್ಬಿಸು!"

ಆ ಕಡೆಯಿಂದ ನುಂಗಿಕೊಂಡ ನಗು.

"ಹಾಲು ಉಕ್ತಿದೆ ಅನ್ನೋಕೆ ಅಲ್ಲಿಂದ ಫೋನಾ?"

"ದಮ್ಮಯ್ಯ, ನಿನ್ನ ಕಾಲಿಗೆ ಬೀಳ್ತೀನಿ! ನನ್ನಾಣೆ, ಏಳು ಮಗಳೇ!"

"ಮೊನ್ನೆಯೂ ಹೀಗೇ ಅತ್ರಿ ಅತ್ತಿಗೆ. ಇನ್ಮೇಲೆ ಏಳಲ್ಲ ಅಂದಿದ್ದೀನಿ, ಏಳಲ್ಲ." ಕೆಮ್ಮು ಬಂತು, ತಡೆದುಕೊಂಡಳು, ಮತ್ತೆ ಬಂತು. "ಹೊಗೆ ಈ ಸಲ ಜೋರಾಗಿ ಬಿಟ್ಟಿದ್ದಾರೆ. ಕಣ್ಣೆಲ್ಲ ಉರಿ. ಅತ್ತಿಗೆ, ಕಪ್ಪು ಪಟ್ಟಿಯವರು ಕೆಮ್ಮಬಹುದಾ?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಹೊಲಿಗೆಯಕ್ಕ ಮೆಟ್ಟಿಲು ಇಳಿದದ್ದು ಹೇಗೆಂದು ಅವಳಿಗೇ ಗೊತ್ತಿಲ್ಲ. ಒಂದು ಕಾಲಿನ ಚಪ್ಪಲಿ ಆಫೀಸಿನ ಬಾಗಿಲಲ್ಲೇ ಉಳಿಯಿತು. ರಸ್ತೆಯ ತಿರುವಿನಲ್ಲಿ ಪೊಲೀಸರು ಹಗ್ಗ ಕಟ್ಟಿದ್ದರು. ಬ್ಲೀಚಿಂಗ್ ಪುಡಿಯ ವಾಸನೆ ಅಲ್ಲಿಯವರೆಗೂ ಗಂಟಲಿಗೆ ಹತ್ತುತ್ತಿತ್ತು. ಅವಳು ಹಗ್ಗ ನುಸುಳಲು ಹೋದಳು, ಹಿಡಿದರು. ಕಚ್ಚಿದಳು, ಪರಚಿದಳು. "ಮೈದಾನದಲ್ಲಿ ಮಲಗಿದ್ದಾರೆ ಸ್ವಾಮೀ, ಅವರಾಗಿ ಏಳಲ್ಲ, ಯಾರಾದ್ರೂ ಹೋಗಿ ಎಬ್ಬಿಸಿ!" ಎಂದು ಬಾಯಿ ಬಡಿದುಕೊಂಡಳು. ಹೆಂಗಸಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡು ಪೇದೆ ಅವಳನ್ನು ಜೀಪಿನ ನೆರಳಿನಲ್ಲಿ ಕೂರಿಸಿ ನೀರು ಕೊಟ್ಟ.

ಡ್ರಿಲ್ಲಿನಲ್ಲಿ ಆಂಬುಲೆನ್ಸು ಹನ್ನೊಂದು ನಿಮಿಷಕ್ಕೆ ಬರುತ್ತಿತ್ತು, ಯಾಕೆಂದರೆ ಬೀದಿಯ ಕೊನೆಯಲ್ಲೇ ನಿಂತಿರುತ್ತಿತ್ತು. ಅಂದು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೈದಾನದಲ್ಲಿ ಮಲಗಿದ್ದವರು ಇಪ್ಪತ್ತಾರು ಜನ. ತಡೆಯಲಾರದೆ ಎದ್ದು ಮೆಟ್ಟಿಲು ಹತ್ತಿದ ಒಂಬತ್ತು ಜನ ಬದುಕಿದರು. ಅವರಲ್ಲಿ ಹಾಲಿನ ಬೂತಿನವಳೊಬ್ಬಳು. ಅವಳ ತಾಯಿ ಮಾತ್ರ ಅಲ್ಲೇ ಉಳಿದಳು. ಮುದುಕಿ ಏಳಲು ಹೋದರೆ ಗಿಲಕಿ, "ಮಲ್ಕೋ ಅಜ್ಜಿ, ಮಾರ್ಕ್ಸ್ ಹೋಗುತ್ತೆ," ಎಂದು ಕೈ ಹಿಡಿದುಕೊಂಡಿದ್ದಳಂತೆ. ಹಾಲಿನ ಬೂತಿನವಳು ಇದನ್ನು ಹೊಲಿಗೆಯಕ್ಕನ ಮುಖಕ್ಕೇ ಹೇಳಿದಳು, ಮತ್ತೆ ಅವಳ ಕಡೆ ತಿರುಗಿ ನೋಡಲಿಲ್ಲ. ಅವಳ ಮೇಲೆ ಕೋಪ ಮಾಡಿಕೊಳ್ಳಲು ಯಾರಿಗೆ ಬಾಯಿದೆ?

ಆಸ್ಪತ್ರೆಯ ಪಡಸಾಲೆಯಲ್ಲಿ ಹದಿನೇಳು ಜನರನ್ನು ಸಾಲಾಗಿ ಮಲಗಿಸಿದ್ದರು. ಗಿಲಕಿಯ ಕೈಯಲ್ಲಿ ಒಂದು ಕಪ್ಪು ಪಟ್ಟಿ. ಹೊಸ ಪಟ್ಟಿಗಳೆಲ್ಲ ಅತ್ತಿಗೆಯ ಚೀಲದಲ್ಲಿದ್ದವಲ್ಲ, ಅವಳು ನಕ್ಕ ವರ್ಷದ ಹಳೇ ಪಟ್ಟಿಯನ್ನೇ ಪೆಟ್ಟಿಗೆಯಿಂದ ಹುಡುಕಿ ಕಟ್ಟಿಕೊಂಡಿದ್ದಳು. ಅಂಚಿನ ಹೊಲಿಗೆ ವರ್ಷವಾದರೂ ಬಿಟ್ಟಿರಲಿಲ್ಲ. ಸ್ಟ್ರೆಚರ್ ಹೊರುವ ಆಳೊಬ್ಬ ಗೋಡೆಗೆ ಆತು ಕೂತು ಅಳುತ್ತಿದ್ದ. ಇವಳು ಆ ಪಟ್ಟಿ ಬಿಚ್ಚಲು ಹೋದದ್ದನ್ನು ನೋಡಿ ಹತ್ತಿರ ಬಂದ.

"ಅಮ್ಮಾ, ಇದನ್ನ ನಾನು ನಿಮಗೆ ಹೇಳದೆ ಇದ್ರೆ ನನಗೆ ಅನ್ನ ಇಳಿಯಲ್ಲ. ನಾವು ಹೋದಾಗ ಇವರ ಎದೆ ಆಡ್ತಿತ್ತು ಅನ್ಸುತ್ತೆ. ಕೈಯಲ್ಲಿ ಕಪ್ಪು ಇತ್ತು. ಡಾಕ್ಟರೇ ಬಂದು ಕಟ್ಟಿ ಹೋಗಿರಬೇಕು ಅಂದ್ಕೊಂಡ್ವಿ. ದಾಟಿಕೊಂಡು ಹೋದ್ವಿ. ಎರಡನೇ ಸಲ ಬರೋ ಹೊತ್ತಿಗೆ..." ಎಂದು ಮುಖ ಮುಚ್ಚಿಕೊಂಡ.

ಹೊಲಿಗೆಯಕ್ಕ ಮತ್ತೆ ಪಟ್ಟಿಗೆ ಕೈ ಹಾಕಿದಳು. ಗಂಟು ಬಿಚ್ಚಲು ಬರಲಿಲ್ಲ, ಬಿಚ್ಚದ ಹಾಗೆ ಕಟ್ಟುವುದನ್ನು ಅವಳೇ ಕಲಿಸಿದ್ದಳು.

ಗಂಡನಿಗೆ ಒಂದು ಗಾಯವೂ ಆಗಿರಲಿಲ್ಲ. ಎಲ್ಲ ಮುಗಿದು ಮನೆಗೆ ಬಂದ ದಿನ ಅವನು ಮೊದಲ ಸಲ ತಾನಾಗಿ ಬಾಯಿ ಬಿಟ್ಟ. ಬಾಗಿಲ ಹತ್ತಿರ ಗಿಲಕಿಯ ಚಪ್ಪಲಿಗಳನ್ನು ನೋಡುತ್ತ, "ಗಾಳಿ ನೋಡಿ ಅಡ್ಡಕ್ಕೆ ಓಡಬೇಕು, ತಗ್ಗಿಗೆ ಇಳೀಬಾರದು. ಸೇರಿದ ಮೊದಲನೇ ದಿನವೇ ನಮಗೆ ಹೇಳಿಕೊಡ್ತಾರೆ. ನಾವೆಲ್ಲ ಹಾಗೇ ಓಡಿದ್ವಿ," ಎಂದ.

"ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ದಿನ ಮನೇಲಿ ಹೇಳಬಾರದಿತ್ತೇನ್ರೀ?"

"ನೀವು ಅಲ್ಲಿ ಮಲಗೋದು ನಾಟಕ ಅಂತ ಸುಮ್ನಿದ್ದೆ," ಎಂದು ಅವನು ತಲೆ ಚಚ್ಚಿಕೊಂಡ. ಇವಳು ಅವನ ಕೈ ಹಿಡಿದು ತಡೆಯಲಿಲ್ಲ. ತಡೆಯುವಷ್ಟು ಕರುಣೆ ಆ ಮನೆಯಲ್ಲಿ ಉಳಿದಿರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಎರಡು ಗೋಡೆಗಳ ಕಡೆ ಮುಖ ಮಾಡಿ ಬದುಕತೊಡಗಿದರು.

ವಿಚಾರಣೆ ನಡೆಯಿತು. ಹೊಲಿಗೆಯಕ್ಕನನ್ನೂ ಕರೆದರು. ನಡೆದದ್ದನ್ನು ನಡೆದ ಹಾಗೆ ಹೇಳಿದಳು: ನಮಗೆ ಮಲಗೋದು ಕಲಿಸಿದ್ರಿ ಸ್ವಾಮೀ, ಓಡೋದು ಕಲಿಸಲಿಲ್ಲ, ನಾನೂ ಅದನ್ನೇ ಕಲಿಸಿದೆ. ಕನ್ನಡಕದ ಹಿರಿಯರೊಬ್ಬರು ತುಂಬ ಮರ್ಯಾದೆಯಿಂದ ಕೇಳಿಕೊಂಡರು, ಬರೆದುಕೊಂಡರು. ಎಂಟು ತಿಂಗಳಿಗೆ ವರದಿ ಬಂತು. ಸಾರ್ವಜನಿಕರಲ್ಲಿ ಅರಿವಿನ ಕೊರತೆಯಿಂದ ಸಾವು ಹೆಚ್ಚಾಯಿತು, ಆದ್ದರಿಂದ ಅಣಕು ಕಾರ್ಯಾಚರಣೆಯನ್ನು ಇನ್ನು ಮುಂದೆ ವರ್ಷಕ್ಕೆ ಎರಡು ಬಾರಿ ನಡೆಸತಕ್ಕದ್ದು ಎಂದಿತ್ತು. ಹೀಗೆ ತಿಪ್ಪೆ ಸಾರಿಸಿ ಎಲ್ಲರೂ ಕೈ ತೊಳೆದುಕೊಂಡರು. ಟ್ಯಾಂಕುಗಳು ಅಲ್ಲೇ ಇವೆ.

ತಗ್ಗಿನ ಬಡಾವಣೆಯಲ್ಲಿ ಇನ್ನು ಯಾರೂ ಮಲಗಲು ಒಪ್ಪಲಿಲ್ಲವಾದ್ದರಿಂದ ಮೊದಲನೆಯ ಡ್ರಿಲ್ಲನ್ನು ರೈಲು ಹಳಿಯಾಚೆಯ ಬಡಾವಣೆಯಲ್ಲಿ ಇಟ್ಟುಕೊಂಡರು. ಅಲ್ಲಿಯವರಿಗೆ ಹೊಲಿಗೆಯಕ್ಕನ ಗುರುತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಕೂಗಿದಾಗ ಅವಳು ಹಳಿ ದಾಟಿ ಅಲ್ಲಿಗೆ ಹೋದಳು. ಅದೇ ಶಾಮಿಯಾನ, ಅದೇ ಹೊಗೆಡಬ್ಬಿ. ಅಲ್ಲಿಯ ಶಾಲೆಯ ಹಿಂದಿನ ಹಳ್ಳದಂಥ ಅಂಗಳದಲ್ಲಿ ನಲವತ್ತು ಜನ ಕಣ್ಣು ಮುಚ್ಚಿ ಸಾಲಾಗಿ ಮಲಗಿದ್ದರು. ಹೊಲಿಗೆಯಕ್ಕ ಓಡುತ್ತ ಸಾಲಿನ ನಡುವೆ ನುಗ್ಗಿದಳು.

"ಏಳಿ! ಎದ್ದು ಮೇಲೆ ಓಡಿ! ಇಲ್ಲಿ ಮಲಗಬೇಡಿ, ಸಾಯ್ತೀರಿ!"

ಒಬ್ಬರೂ ಮಿಸುಕಲಿಲ್ಲ. ಅವಳ ಕಾಲ ಬಳಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಮಲಗಿದ್ದಳು, ಕೈಯಲ್ಲಿ ಕಪ್ಪು ಪಟ್ಟಿ. ಈಗ ಪಟ್ಟಿಗಳು ಪ್ಲಾಸ್ಟಿಕ್ಕಿನವು. ಕಣ್ಣು ಬಿಡದೆಯೇ ಹುಡುಗಿ ಪಿಸುಗುಟ್ಟಿದಳು: "ನೀವು ಪರೀಕ್ಷೆ ಮಾಡೋಕೆ ಬಂದಿರೋದು ಅಂತ ಗೊತ್ತು ಆಂಟಿ. ನಾವು ಏಳಲ್ಲ."

ಹೊಲಿಗೆಯಕ್ಕ ಅಲ್ಲೇ ಕುಸಿದು ಕೂತು ಆ ಪಟ್ಟಿ ಎಳೆದಳು. ಬರಲಿಲ್ಲ. ಹಲ್ಲು ಹಚ್ಚಿ ಕಡಿಯತೊಡಗಿದಳು, ದಾರ ಕಡಿದು ಕಡಿದು ಸವೆದ ಹಲ್ಲು. ಸೀಟಿ ಕೇಳಿಸಿತು. ಸೀಟಿ ಸಾಹೇಬರು ಅವಳ ಗುರುತು ಹಿಡಿದು ಅಲ್ಲೇ ನಿಂತುಬಿಟ್ಟರು. ಇಬ್ಬರು ಪೇದೆಯರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಯಾರೋ ಹುಚ್ಚಿಯೊಬ್ಬಳು ಬಂದು ಮುಂಗೈಗೆ ಬಾಯಿ ಹಾಕಿದರೆ ಕಚಗುಳಿಯಾಗದೆ ಇರುತ್ತದೆಯೇ? ಹುಡುಗಿಯ ತುಟಿ ಅದುರಿತು, ಹೊಟ್ಟೆ ಕುಲುಕಿತು, ನಗು ಇನ್ನೇನು ಹೊರಗೆ ಬರಬೇಕು.

ಹಿಂದಿನ ಸಾಲಿನಿಂದ ಹಿರಿಯ ಹೆಂಗಸಿನ ದನಿಯೊಂದು ಹಲ್ಲು ಕಚ್ಚಿ ಗದರಿತು: "ಲೇ, ಮಾನ ಕಳೀಬೇಡ! ಸತ್ತವರು ನಗಬಾರದು!"

"ನಗು ಮಗಳೇ! ನಗೇ, ಎದ್ದು ಕೂತು ನಗೇ!" ಎಂದು ಹೊಲಿಗೆಯಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು. ಪೇದೆಯರು ಅವಳನ್ನು ಎಳೆದುಕೊಂಡು ಹೋಗುತ್ತಿದ್ದರು.

ಹುಡುಗಿ ತುಟಿ ಕಚ್ಚಿಕೊಂಡಳು, ಮುಖ ಆಚೆ ಹೊರಳಿಸಿ ಸುಮ್ಮನಾದಳು.